ನಟ್ಟು ನಮ್ಮ ಕೈಗೆ ಬಗ್ಗಬೇಕು: ಹೆದ್ದಾರಿ ಬದಿಯ ಒಂದು ಪಂಕ್ಚರ್ ಅಂಗಡಿಯ ಬಗ್ಗೆ

ಚಿತ್ರದುರ್ಗದಿಂದ ದಾವಣಗೆರೆಗೆ ಬರುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಭರಮಸಾಗರ ದಾಟಿ ಆನಗೋಡು ಸಿಗುವುದಕ್ಕೆ ಮೊದಲು, ಎಡಬದಿಯ ಸರ್ವಿಸ್ ರಸ್ತೆಯಲ್ಲಿ ಬೇವಿನ ಮರದ ಕೆಳಗೆ ತಗಡಿನ ಚಾವಣಿಯ ಒಂದು ಪಂಕ್ಚರ್ ಅಂಗಡಿ ಇದೆ. ಅಂಗಡಿಗೆ ಹೆಸರಿಲ್ಲ. ಮರದ ಕೊಂಬೆಗೆ ತೂಗುಹಾಕಿದ ಹಳೆಯ ಲಾರಿ ಟೈರಿನ ಮೇಲೆ ಬಿಳಿ ಬಣ್ಣದಲ್ಲಿ ‘ಪಂಚರ್’ ಎಂದು ಬರೆದಿರುವುದೇ ಅದರ ಫಲಕ. ಕಳೆದ ಕಾರ್ತಿಕ ಮಾಸದ ಒಂದು ಸಂಜೆ ಅಲ್ಲಿ ಒಂದೂವರೆ ಗಂಟೆ ಕಳೆದೆ. ಟೈರ್ ಅಂಗಡಿಯೊಂದು ಒಳ್ಳೆಯದೋ ಅಲ್ಲವೋ ಎಂಬುದನ್ನು ಯಾವುದರಿಂದ ಅಳೆಯಬೇಕು ಎಂಬ ನನ್ನ ಅಭಿಪ್ರಾಯ ಅಂದು ಬದಲಾಯಿತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ತಾಯಿಯವರೊಂದಿಗೆ ಚಿತ್ರದುರ್ಗದ ಬಂಧುಗಳ ಮನೆಯಿಂದ ಹಿಂದಿರುಗುತ್ತಿದ್ದೆ. ಹೊತ್ತು ಮುಳುಗಿ ಕತ್ತಲು ಕವಿಯುತ್ತಿತ್ತು. ಒರಟು ಡಾಂಬರಿನ ಮೇಲೆ ಓಡುವಾಗ ಬರುವಂತಹ ಗುಂಯ್ ಎನ್ನುವ ಸದ್ದು ಮೊದಲು ಹಿಂದಿನಿಂದ ಕೇಳಿಸಿತು. ಅರ್ಧ ನಿಮಿಷದೊಳಗೆ ಅದು ತಪತಪ ಬಡಿತವಾಗಿ ಕಾರಿನ ಹಿಂಭಾಗ ತೂಗಾಡತೊಡಗಿತು. ಇಂಥ ಹೊತ್ತಿನಲ್ಲಿ ಬ್ರೇಕನ್ನು ಜೋರಾಗಿ ಒತ್ತಿದರೆ ಗಾಡಿ ಹಿಡಿತ ತಪ್ಪುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಎರಡೂ ಕೈಗಳಿಂದ ನೇರವಾಗಿ ಹಿಡಿದು, ವೇಗ ತಾನಾಗಿ ಇಳಿಯುವುದಕ್ಕೆ ಬಿಡಬೇಕು. ಹಾಗೆಯೇ ಮಾಡಿ, ನಾಲ್ಕೂ ಇಂಡಿಕೇಟರ್ ದೀಪಗಳನ್ನು ಹಾಕಿ, ಎಡ ಅಂಚಿಗೆ ತಂದು ನಿಲ್ಲಿಸಿದೆ. ಗಾಳಿ ಹೋಗಿದ್ದುದು ಹಿಂದಿನ ಬಲ ಚಕ್ರದ್ದು. ಅಲ್ಲಿಯೇ ಚಕ್ರ ಬದಲಿಸುವುದೆಂದರೆ ಓಡುವ ಲಾರಿಗಳಿಗೆ ಬೆನ್ನು ಕೊಟ್ಟು ಕುಕ್ಕರುಗಾಲಿನಲ್ಲಿ ಕೂರುವುದು ಎಂದರ್ಥ. ಗಂಟೆಗೆ 100 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಟ್ಟರೂ ಚಾಲಕನಿಗೆ ಸಿಗುವ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ಸರ್ವಿಸ್ ರಸ್ತೆಗೆ ಇಳಿಯುವ ದಾರಿ ಮುನ್ನೂರು ಮೀಟರ್ ಮುಂದೆ ಕಾಣುತ್ತಿತ್ತು. ಇಳಿಯಲು ಮುಂದಾದ ತಾಯಿಯವರನ್ನು ತಡೆದು, ಟೈರು ಹಾಳಾದರೂ ಆಗಲಿ ಎಂದು ನಡಿಗೆಯ ವೇಗದಲ್ಲಿ ಅಲ್ಲಿಯವರೆಗೆ ಕಾರನ್ನು ಉರುಳಿಸಿಕೊಂಡು ಹೋದೆ. ಟೈರಿನ ಬೆಲೆ ನಾಲ್ಕೈದು ಸಾವಿರ ರೂಪಾಯಿ. ಆ ಲೆಕ್ಕಕ್ಕೆ ಹೆದರಿ ಹೆದ್ದಾರಿಯ ಅಂಚಿನಲ್ಲಿಯೇ ಜಾಕು ಹಚ್ಚುವವರನ್ನು ಈ ದಾರಿಯಲ್ಲಿ ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಎದೆ ಝಲ್ಲೆಂದಿದೆ.

ಚಕ್ರ ಬದಲಿಸುವುದು ನನಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರಿನಲ್ಲಿ ಬಿಟ್ಟು, ಸ್ಟೆಪ್ನಿ ಇಳಿಸಿ, ಜಾಕು ಎತ್ತುವುದಕ್ಕೆ ಮೊದಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಲು ಹೋದೆ. ನಾಲ್ಕರಲ್ಲಿ ಒಂದೂ ಮಿಸುಕಲಿಲ್ಲ. ಕಾರಿನ ಜೊತೆ ಬಂದ ಪಾನಾದ ಮೇಲೆ ಕಾಲಿಟ್ಟು ಮೈಭಾರ ಹೇರಿದೆ. ಪಾನಾ ಜಾರಿ ನಟ್ಟಿನ ಮೂಲೆ ಸವೆಯುವ ಸೂಚನೆ ಕಂಡಾಗ ನಿಲ್ಲಿಸಿದೆ. ಹಿಂದಿನ ತಿಂಗಳಷ್ಟೇ ಒಂದು ವರ್ಕ್‌ಶಾಪಿನಲ್ಲಿ ಚಕ್ರಗಳನ್ನು ಅದಲುಬದಲು ಮಾಡಿಸಿದ್ದೆ. ಅಲ್ಲಿನವರು ಗಾಳಿ ಒತ್ತಡದ ಗನ್ನಿನಿಂದ ಒಂದೊಂದು ನಟ್ಟನ್ನೂ ಗರ್‌ರ್ ಎಂದು ಕೊನೆಯವರೆಗೆ ಬಿಗಿದಿದ್ದನ್ನು ಎದುರಿಗೆ ನಿಂತು ನೋಡಿದ್ದೆ, ಗಟ್ಟಿಯಾಗಿದೆ ಎಂದು ಸಮಾಧಾನವನ್ನೂ ಪಟ್ಟಿದ್ದೆ. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ ಬಿಗಿತ 85ರಿಂದ 110 ನ್ಯೂಟನ್ ಮೀಟರ್. ಕಾಲು ಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 40 ಕಿಲೋ ಭಾರ ಹೇರಿದರೆ ಆಗುವಷ್ಟು ಬಿಗಿತ ಅದು, ಅಂದರೆ ಸಾಧಾರಣ ಮನುಷ್ಯನೊಬ್ಬ ಕೈಯಿಂದಲೇ ಬಿಗಿದು ಕೈಯಿಂದಲೇ ಬಿಚ್ಚಬಹುದಾದದ್ದು. ಗನ್ನು ಅದರ ಎರಡರಷ್ಟು ಬಿಗಿದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಬೋಲ್ಟಿನ ಎಳೆ ಹಿಗ್ಗುವುದು ಒಂದು ಹಾನಿಯಾದರೆ, ಕತ್ತಲಲ್ಲಿ ವಯಸ್ಸಾದ ತಾಯಿಯನ್ನು ಕಾರಿನ ಪಕ್ಕ ನಿಲ್ಲಿಸಿಕೊಂಡವನ ಕೈಗೆ ಚಕ್ರ ಬಾರದೆ ಹೋಗುವುದು ಅದಕ್ಕಿಂತ ದೊಡ್ಡ ಹಾನಿ.

ಅಂಗಡಿಯ ದೀಪ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಹೋಗಿ ಹೇಳಿದ ಕೂಡಲೇ ಮಾಲೀಕರು ಉದ್ದ ಪೈಪಿನ ಹಿಡಿಯ ಪಾನಾ, ಒಂದು ದಪ್ಪ ಹಲಗೆ, ಎರಡು ಮರದ ತುಂಡುಗಳು, ಮಿನುಗುವ ಕೆಂಪು ದೀಪ ಮತ್ತು ಕಡ್ಡಿ ಪೊರಕೆ ಹಿಡಿದು ನನ್ನ ಜೊತೆ ನಡೆದು ಬಂದರು. ಪೊರಕೆ ಯಾಕೆಂದು ಆಗ ತಿಳಿಯಲಿಲ್ಲ. ಅವರು ಮೊದಲು ಕೆಂಪು ದೀಪವನ್ನು ಕಾರಿನ ಹಿಂದೆ ದೂರದಲ್ಲಿಟ್ಟರು, ಬಳಿಕ ತಾಯಿಯವರನ್ನು ರಸ್ತೆಯಿಂದಾಚೆಗೆ, ಕಾರಿಗಿಂತ ಮುಂದಲ್ಲದೆ ಪಕ್ಕಕ್ಕೆ ಸರಿದು ನಿಲ್ಲುವಂತೆ ಕೇಳಿಕೊಂಡರು. ಹಿಂದಿನಿಂದ ಯಾರಾದರೂ ಗುದ್ದಿದರೆ ಕಾರು ಮುಂದಕ್ಕೇ ಹೋಗುತ್ತದೆ ಎಂಬ ಕಾರಣವನ್ನೂ ಹೇಳಿದರು. ಆಮೇಲೆ ಪೊರಕೆ ತೆಗೆದುಕೊಂಡು ಹಿಂದಿನ ಚಕ್ರದ ಸುತ್ತಲ ನೆಲವನ್ನು ಗುಡಿಸಿದರು. ಸುಗ್ಗಿಯ ಕಾಲವಾದ್ದರಿಂದ ಆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿದ್ದರು. ಕಾರು ನಿಂತಲ್ಲಿಯೂ ಕಾಳು ಚೆಲ್ಲಿತ್ತು. ದಾವಣಗೆರೆ ಸೀಮೆಯಲ್ಲಿ ಓಡಾಡುವ ನಮಗೆ ಅದು ಕಣ್ಣಿಗೆ ಬೀಳದಷ್ಟು ಪರಿಚಿತ. ಆದರೆ ಗಟ್ಟಿ ಡಾಂಬರಿನ ಮೇಲೆ ಒಣಗಿದ ಕಾಳು ಗೋಲಿಯಂತೆ ಉರುಳುತ್ತದೆ, ಜಾಕಿನ ಅಡಿಗೆ ನಾಲ್ಕು ಕಾಳು ಸಿಕ್ಕಿದರೂ ಭಾರ ಬಿದ್ದಾಗ ಅದು ಜಾರುತ್ತದೆ. ಇದು ಯಾವ ಕಾರಿನ ಕೈಪಿಡಿಯಲ್ಲಿಯೂ ಇಲ್ಲದ ಮಾತು. ಕಾಳು, ಸಿಪ್ಪೆ ಎಲ್ಲವನ್ನೂ ಬದಿಗೆ ಸರಿಸಿ, ಬರಿ ಡಾಂಬರಿನ ಮೇಲೆ ಹಲಗೆಯಿಟ್ಟು, ಅದರ ಮೇಲೆ ಜಾಕು ನಿಲ್ಲಿಸಿದರು.

“ಮೊದ್ಲು ಚಕ್ರಕ್ಕೆ ಅಡ್ಡ ಕೊಡ್ರಿ ಸಾರ್, ಆಮೇಲೆ ಜಾಕು,” ಎಂದು ಮರದ ತುಂಡುಗಳನ್ನು ನನ್ನ ಕೈಗೇ ಕೊಟ್ಟರು. ಎತ್ತುವ ಚಕ್ರಕ್ಕೆ ಕರ್ಣದಲ್ಲಿರುವ ಮುಂದಿನ ಎಡ ಚಕ್ರದ ಹಿಂದೆ ಮುಂದೆ ಅವನ್ನು ಸಿಕ್ಕಿಸಬೇಕು. ಹಾದಿಬದಿಯ ಕಲ್ಲನ್ನೇ ಬಳಸಬಹುದಲ್ಲ ಎಂದೆ. ಕಲ್ಲು ಇಟ್ಟವರು ಎತ್ತಿಡುವುದಿಲ್ಲ, ರಾತ್ರಿ ಬೈಕಿನವರು ಅದಕ್ಕೆ ಬಿದ್ದು ಸಾಯುತ್ತಾರೆ ಎಂದರು. ಕೆಟ್ಟು ನಿಂತ ಲಾರಿಯ ಹಿಂದೆ ಕಲ್ಲನ್ನೂ ಸೊಪ್ಪನ್ನೂ ಇಟ್ಟು, ಲಾರಿ ಹೊರಟ ಮೇಲೆ ಕಲ್ಲನ್ನು ಅಲ್ಲಿಯೇ ಬಿಟ್ಟುಹೋಗುವ ರೂಢಿ ನಮ್ಮ ರಸ್ತೆಗಳಲ್ಲಿ ಎಷ್ಟು ಬೇರೂರಿದೆ ಎಂಬುದನ್ನು ಬಲ್ಲವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಸ್ಟೆಪ್ನಿ ಹಾಕಿ ಅಂಗಡಿಗೆ ಬಂದ ಮೇಲೆ ಕಂಡದ್ದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಟೈರಿನ ನಡುವೆ ಹೊಕ್ಕಿದ್ದ ಮೊಳೆ ಹೊರಗಿನಿಂದಲೇ ಕಾಣುತ್ತಿತ್ತು. ನೆಲಕ್ಕೆ ತಾಗುವ ಪಟ್ಟಿಯಲ್ಲಿ, ಆರು ಮಿಲಿಮೀಟರಿನೊಳಗಿನ ತೂತು. ಟ್ಯೂಬ್‌ಲೆಸ್ ಟೈರಿಗೆ ಅಂಟಿನ ಹುರಿ ತೂರಿಸಿ ಹತ್ತು ನಿಮಿಷದಲ್ಲಿ ಮುಚ್ಚಬಹುದಾದ ಕೆಲಸ. ಅವರು ಹುರಿಯ ಡಬ್ಬಿಗೆ ಕೈ ಹಾಕಲಿಲ್ಲ. ಎಷ್ಟು ದೂರ ಗಾಳಿಯಿಲ್ಲದೆ ಓಡಿಸಿದಿರಿ ಎಂದು ಕೇಳಿ, ರಿಮ್ಮಿನಿಂದ ಟೈರನ್ನು ಪೂರ್ತಿ ಬಿಡಿಸಿ, ಒಳಗೆ ಕೈಯಾಡಿಸಿ, ಅಂಗೈಯನ್ನು ದೀಪದ ಕೆಳಗೆ ಹಿಡಿದರು. ಅಂಗೈ ತುಂಬ ಕಾಡಿಗೆಯಂತಹ ಕಪ್ಪು ಪುಡಿ. ಒಳಗಿನ ಪಕ್ಕದ ಗೋಡೆಯ ಸುತ್ತಲೂ ಉಜ್ಜಿ ಸವೆದ ಒಂದು ಬಳೆಯಂತಹ ಗುರುತು, ಒಂದೆಡೆ ರಬ್ಬರು ಕಿತ್ತು ನೂಲಿನ ಎಳೆ ತೋರುತ್ತಿತ್ತು. ಗಾಳಿಯಿಲ್ಲದ ಟೈರಿನ ಪಕ್ಕದ ಗೋಡೆ ರಿಮ್ಮಿಗೂ ರಸ್ತೆಗೂ ನಡುವೆ ಮಡಚಿ ಮಡಚಿ ಒಳಗಿನಿಂದ ಅರೆದುಹೋಗುತ್ತದೆ. ಮೊಳೆಯ ತೂತು ಮುಚ್ಚಿ ಗಾಳಿ ತುಂಬಿದರೆ ಹೊರಗೆ ಹೊಸದರಂತೆಯೇ ಕಾಣುತ್ತದೆ, ವೇಗ ಹೆಚ್ಚಿ ಬಿಸಿಯಾದಾಗ ಆ ಗೋಡೆ ಸಿಡಿಯುತ್ತದೆ. “ಇದ್ಕೆ ಪಂಚರ್ ಹಾಕಿ ನೂರೈವತ್ತು ರೂಪಾಯಿ ನಾನು ತಗೋಬಹುದು ಸಾರ್. ಆದ್ರೆ ಹೈವೇದಾಗ ಓಡ್ಸಂಗಿಲ್ಲ,” ಎಂದರು. ಮಾರಲು ಅವರ ಬಳಿ ನನ್ನ ಅಳತೆಯ ಟೈರು ಇರಲಿಲ್ಲ, ಆದ್ದರಿಂದ ಈ ಮಾತಿನಿಂದ ಅವರಿಗೆ ಬರುವ ಲಾಭವೂ ಇರಲಿಲ್ಲ. ಮುನ್ನೂರು ಮೀಟರ್ ಉರುಳಿಸಿದ್ದಕ್ಕಿಂತ, ಸದ್ದು ಕೇಳಿದ ಮೇಲೂ ನಿಲ್ಲಿಸಲು ನಾನು ತೆಗೆದುಕೊಂಡ ಅರ್ಧ ನಿಮಿಷದ ವೇಗವೇ ಹೆಚ್ಚು ಕೆಡಿಸಿತ್ತು ಎಂಬುದು ಅವರ ಅಂದಾಜು. ಅದು ಸರಿಯೆಂದು ನನಗೂ ತೋರಿತು.

ಸ್ಟೆಪ್ನಿಯಲ್ಲಿ ಗಾಳಿ 14 ಪಿಎಸ್ಐ ಮಾತ್ರ ಇತ್ತು. ಚಾಲಕನ ಬಾಗಿಲು ತೆರೆದಾಗ ಬಾಗಿಲ ಚೌಕಟ್ಟಿನ ಮೇಲೆ ಕಾಣುವ, ಗಾಳಿಯ ಅಳತೆ ಬರೆದ ಚೀಟಿಯನ್ನು ಟಾರ್ಚ್ ಹಾಕಿ ಓದಿ 33ಕ್ಕೆ ತುಂಬಿದರು. ಟೈರಿನ ಮೇಲಿನ ನಾಲ್ಕಂಕಿಯ ತಯಾರಿಕೆ ಗುರುತನ್ನೂ ತೋರಿಸಿದರು. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. ನನ್ನದು 2319, ಅಂದರೆ 2019ರ 23ನೆಯ ವಾರ. ಒಮ್ಮೆಯೂ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಆದ್ದರಿಂದ ನಿಧಾನವಾಗಿ ಮನೆ ಸೇರಿಕೊಳ್ಳಿ ಎಂದರು.

ಇನ್ನು ನಟ್ಟಿನ ವಿಷಯ. ಚಕ್ರ ಗಾಳಿಯಲ್ಲಿದ್ದಾಗ ಬೆರಳಿನಿಂದಲೇ ತಿರುಗಿಸಿ ಕೂರಿಸಿ, ಜಾಕು ಇಳಿಸಿ ಚಕ್ರ ನೆಲ ಕಚ್ಚಿದ ಮೇಲೆ ಎದುರುಬದುರು ನಟ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿದರು. ತಮ್ಮ ಉದ್ದ ಪಾನಾವನ್ನು ಬದಿಗಿಟ್ಟು ಕೊನೆಯ ಬಿಗಿತಕ್ಕೆ ಕಾರಿನ ಸಣ್ಣ ಪಾನಾವನ್ನೇ ಬಳಸಿದರು. ನಂತರ ಅದನ್ನು ನನ್ನ ಕೈಗೆ ಕೊಟ್ಟು, ಒಂದೊಂದನ್ನೂ ನೀವೇ ಸಡಿಲಿಸಿ ಮತ್ತೆ ಬಿಗಿಯಿರಿ ಎಂದರು. ನಾಲ್ಕೂ ಬಗ್ಗಿದವು. ಉಳಿದ ಮೂರು ಚಕ್ರಗಳ ಹನ್ನೆರಡು ನಟ್ಟುಗಳನ್ನೂ, ನಾನು ಕೇಳದಿದ್ದರೂ, ಉದ್ದ ಪಾನಾದಿಂದ ಬಿಚ್ಚಿ ಇದೇ ರೀತಿ ಮರಳಿ ಬಿಗಿದರು. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಬೇಕೆಂದೂ ಹೇಳಿದರು. ಟೈರ್ ಕೆಲಸ ಮಾಡುವವರನ್ನು ನಾನು ಇನ್ನು ಮುಂದೆ ಅಳೆಯುವುದು ಇದೊಂದರಿಂದಲೇ: ಅವರು ಬಿಗಿದ ಚಕ್ರವನ್ನು ಕಾರಿನ ಜೊತೆ ಬಂದ ಪಾನಾದಿಂದ ನನ್ನ ತಾಯಿಯಲ್ಲದಿದ್ದರೂ ನನ್ನ ತಂಗಿಯಾದರೂ ಬಿಚ್ಚಬಲ್ಲಳೇ ಎಂದು ಕೇಳುತ್ತೇನೆ.

ಕೊರತೆಗಳೂ ಇವೆ. ಸಹಾಯಕ ಹುಡುಗನೊಬ್ಬ ಬಿದ್ದ ನಟ್ಟನ್ನು ತೆಗೆಯಲು, ಬರಿಯ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಭುಜದವರೆಗೆ ಕೈ ತೂರಿಸಿದ. ಮಾಲೀಕರು ಗದರಿದರಾದರೂ ಅಂಗಡಿಯಲ್ಲಿ ಆಧಾರದ ಸ್ಟ್ಯಾಂಡ್ ಒಂದೂ ಇಲ್ಲ. ಬಿಚ್ಚಿದ ಚಕ್ರವನ್ನಾದರೂ ಕಾರಿನ ಅಡಿಗೆ ಮಲಗಿಸುವ ಅಭ್ಯಾಸ ಅಲ್ಲಿ ಬರಬೇಕು. ಗಾಳಿಯ ಅಳತೆಗೆ ಇರುವುದು ಹಳೆಯ ಕಡ್ಡಿ ಮಾಪಕ, ನನ್ನ ಮಾಪಕಕ್ಕಿಂತ ಎರಡು ಅಂಕ ಹೆಚ್ಚು ತೋರಿಸಿತು. ಚಕ್ರದ ಬ್ಯಾಲೆನ್ಸಿಂಗ್ ಇಲ್ಲ, ರಸೀದಿ ಇಲ್ಲ, ವಯಸ್ಸಾದವರು ಕೂರಲು ಒಂದು ಕುರ್ಚಿಯೂ ಇಲ್ಲ. ತಾಯಿಯವರು ಲಾರಿ ರಿಮ್ಮಿನ ಮೇಲೆ ಗೋಣಿಚೀಲ ಹಾಸಿಕೊಂಡು ಕುಳಿತರು. ಎಲ್ಲ ಸೇರಿ 300 ರೂಪಾಯಿ ತೆಗೆದುಕೊಂಡರು, ಫೋನ್‌ನಿಂದಲೇ ಕೊಡಬಹುದು. ರಾತ್ರಿಯ ಹೊತ್ತೆಂದು ಹೆಚ್ಚು ಕೇಳಲಿಲ್ಲ.

ಈ ಅಂಗಡಿ ಎಲ್ಲರಿಗೂ ಒದಗುವುದಿಲ್ಲ. 2020ರ ನಿಯಮ ತಿದ್ದುಪಡಿಯ ನಂತರ, ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಅಂಥ ಕಾರಿನ ಟೈರಿನ ಪಕ್ಕದ ಗೋಡೆ ಹರಿದರೆ ಕಿಟ್ಟಿನ ದ್ರಾವಣವೂ ನಿಲ್ಲಿಸದು, ಇಲ್ಲಿ ಬದಲಿ ಟೈರೂ ಸಿಗದು. ಟೋಯಿಂಗ್ ಒಂದೇ ದಾರಿ. ಹೆದ್ದಾರಿಯಿಂದ ಇಳಿಯಲಾಗದಂತೆ ಗಾಡಿ ನಿಂತರೆ ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033ಕ್ಕೆ, ಪೆಟ್ಟಾಗಿದ್ದರೆ 112 ಅಥವಾ 108ಕ್ಕೆ ಕರೆ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಅಂಕಿಯನ್ನೂ ಯಾವ ಊರಿನ ಕಡೆಗೆ ಹೋಗುತ್ತಿದ್ದೀರಿ ಎಂಬುದನ್ನೂ ಮೊದಲು ಹೇಳಬೇಕು. ಕರೆಯನ್ನು ಕಾರಿನಲ್ಲಿ ಕುಳಿತು ಮಾಡದೆ, ಎಲ್ಲರನ್ನೂ ಎಡಬಾಗಿಲಿನಿಂದ ಇಳಿಸಿ ಕಬ್ಬಿಣದ ತಡೆಪಟ್ಟಿಯ ಆಚೆ ನಿಂತು ಮಾಡಬೇಕು.

ಎರಡು ದಿನದ ಮೇಲೆ ದಾವಣಗೆರೆಯಲ್ಲಿ ಹೊಸ ಟೈರು ಹಾಕಿಸಿದೆ. ಗನ್ನು ಹಿಡಿದವನಿಗೆ ಕೊನೆಯ ಬಿಗಿತ ಕೈಯಿಂದ ಆಗಲಿ ಎಂದೆ. ಎರಡನೆಯ ಸಲ ಹೇಳಿದಾಗ ಒಪ್ಪಿದ. ಆಮೇಲೆ ಆ ಅಂಗಡಿಯ ಅಂಗಳದಲ್ಲಿಯೇ ಡಿಕ್ಕಿ ತೆರೆದು, ಕಾರಿನ ಪಾನಾ ತೆಗೆದು, ಆ ಚಕ್ರದ ನಾಲ್ಕು ನಟ್ಟುಗಳನ್ನು ನಾನೇ ಒಂದೊಂದಾಗಿ ಸಡಿಲಿಸಿ ಬಿಗಿದು ನೋಡಿ, ದುಡ್ಡು ಕೊಟ್ಟೆ.