ಪಿಜ್ಜಿಯ ಮೂಲಮನೆಯ ಹುಡುಕಾಟ: ಜನಗಣತಿ, ಶಾಲೆ, ನೋಂದಣಿ, ಡಿಕ್ಲರೇಶನ್‌ಗಳ ಒಂದು ಹೋಲಿಕೆ

ನನ್ನ ಅಜ್ಜಿಯ ತಾಯಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಪಿಜ್ಜಿಯನ್ನು, ಮನೆಯಲ್ಲಿ ಯಾರೂ ಮರೆತಿರಲಿಲ್ಲ. ಅವರು ಎಲ್ಲಿಂದ ಬಂದವರೆಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಉಡುಪಿಯ ಪೂರ್ವಕ್ಕೆ, ಹಿರಿಯಡಕದ ಆಚೆಗಿನ ಗ್ರಾಮವೊಂದರಲ್ಲಿ ಚಾಲಗೇಣಿಯ, ಅಂದರೆ ಕಾಯಂ ಹಕ್ಕಿಲ್ಲದ ಗೇಣಿಯ, ಗದ್ದೆ ಮಾಡಿಕೊಂಡು ಅವರು ಬಾಳಿದರು, ಅಲ್ಲಿಯೇ ತೀರಿಕೊಂಡರು. ಬೊಳ್ಳ, ಅಂದರೆ ನೆರೆ, ಬಂದ ವರ್ಷ ಮನೆ ಕಳೆದುಕೊಂಡು, ಕಂಕುಳಲ್ಲಿ ಒಂದು ಮಗು, ಕೈಯಲ್ಲಿ ಇನ್ನೊಂದು ಮಗುವಿನೊಂದಿಗೆ ಬಂದರು ಎಂಬುದಷ್ಟೇ ನಮಗೆ ಉಳಿದಿದ್ದ ಚರಿತ್ರೆ. ಕಂಕುಳಲ್ಲಿದ್ದ ಮಗು ನನ್ನ ಅಜ್ಜಿ, ಕೈ ಹಿಡಿದಿದ್ದವರು ಅಜ್ಜಿಯ ಅಣ್ಣ. ಅಳಿಯಸಂತಾನದ ಕುಟುಂಬಗಳಲ್ಲಿ ಬರಿ (ಗೋತ್ರದಂಥ ಕುಲದ ಗುರುತು), ಮೂಲಮನೆ, ಮೂಲ ನಾಗಬನ ಎಲ್ಲವೂ ಹೆಣ್ಣಿನ ಕಡೆಯಿಂದಲೇ ಬರುವುದರಿಂದ ಪಿಜ್ಜಿಯ ಊರು ತಿಳಿಯದಿದ್ದರೆ ನಮ್ಮ ನಾಗ ಎಲ್ಲಿದೆ ಎಂಬುದೂ ತಿಳಿಯದು. ನಾಗರಪಂಚಮಿಯ ದಿನ ನಾವು ನೆರೆಮನೆಯವರ ಬನದಲ್ಲಿ, ಸ್ವಲ್ಪ ಸಂಕೋಚದಿಂದಲೇ, ತನು ಹಾಕಿ (ನಾಗನಿಗೆ ಹಾಲೆರೆದು) ಬರುತ್ತಿದ್ದೆವು. ಈ ಒಂದು ಪ್ರಶ್ನೆಗಾಗಿ ಎರಡು ವರ್ಷಗಳಲ್ಲಿ ನಾನು ಪ್ರಯತ್ನಿಸಿದ ದಾರಿಗಳನ್ನು ಇಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುತ್ತಿದ್ದೇನೆ.

ಮೊದಲು ಕೈಹಾಕಿದ್ದು ಜನಗಣತಿಗೆ, ಮತ್ತು ಅದಕ್ಕೆ ಕಾರಣ ಲಂಡನಿನಲ್ಲಿರುವ ನನ್ನ ಸೋದರಳಿಯ. ತನ್ನ ಹೆಂಡತಿಯ ಮುತ್ತಜ್ಜನನ್ನು ಇಂಗ್ಲೆಂಡಿನ 1911ರ ಜನಗಣತಿಯಲ್ಲಿ ಅರ್ಧ ಗಂಟೆಯೊಳಗೆ ಹುಡುಕಿ, ಮನೆಯ ಯಜಮಾನನೇ ತನ್ನ ಕೈಯಾರೆ ತುಂಬಿದ ಹಾಳೆಯ ಚಿತ್ರವನ್ನು ಅವನು ನನಗೆ ಕಳುಹಿಸಿದ್ದ. ಅಲ್ಲಿ ನೂರು ವರ್ಷ ಕಳೆದ ಮೇಲೆ ಮನೆಮನೆಯ ಹಾಳೆಗಳನ್ನು ತೆರೆದಿಡುತ್ತಾರೆ. 1921ರ ಹಾಳೆಗಳು 2022ರ ಜನವರಿಯಲ್ಲಿ ಹೊರಬಂದವು. ಅಮೆರಿಕದಲ್ಲಿ ಕಾಯಬೇಕಾದುದು 72 ವರ್ಷ ಮಾತ್ರ. ನಮ್ಮಲ್ಲಿಯೂ ಮದ್ರಾಸ್ ಪ್ರಾಂತ್ಯದಲ್ಲಿ 1871ರಲ್ಲಿ, ಬಳಿಕ ದೇಶಾದ್ಯಂತ 1881ರಿಂದ ಹತ್ತು ವರ್ಷಕ್ಕೊಮ್ಮೆ ಎಣಿಕೆ ನಡೆದಿದೆಯಾದ್ದರಿಂದ, 1921ರ ಹಾಳೆಯಲ್ಲಿ ಪಿಜ್ಜಿ ಸಿಕ್ಕೇ ಸಿಗುತ್ತಾರೆಂದು ನಾನು ನಂಬಿದ್ದೆ. ಆದರೆ ಇಲ್ಲಿ ಕೋಷ್ಟಕಗಳು ಸಿದ್ಧವಾದ ಮೇಲೆ ಮನೆವಾರು ಹಾಳೆಗಳನ್ನು ಉಳಿಸಿಕೊಳ್ಳುವ ಪದ್ಧತಿಯೇ ಇರಲಿಲ್ಲ. ಸ್ವಾತಂತ್ರ್ಯಾನಂತರದ ಎಣಿಕೆಗಳಿಗಂತೂ 1948ರ ಜನಗಣತಿ ಕಾಯ್ದೆಯ 15ನೇ ಕಲಮು ಗೋಪ್ಯತೆಯ ಬೀಗ ಹಾಕಿದೆ. ಹೀಗಾಗಿ ನಮ್ಮ ಜನಗಣತಿಯಲ್ಲಿ ಪಿಜ್ಜಿ ಇದ್ದಾರೆ, ಆದರೆ ಒಂದು ಸಂಖ್ಯೆಯೊಳಗಿನ ಒಂದಾಗಿ ಇದ್ದಾರೆ.

ಹಾಗೆಂದು ಆ ಕೋಷ್ಟಕಗಳ ಸಂಪುಟಗಳು ನಿರುಪಯೋಗವೆಂದು ಹೇಳಲಾರೆ. ಅವು ಕಲಿಸಿದ ಒಂದು ಸಂಗತಿ ಮುಂದೆ ನನ್ನನ್ನು ಕಾಪಾಡಿತು. 1901ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದು ಕುಂದಾಪುರ, ಉಡುಪಿ, ಮಂಗಳೂರು, ಉಪ್ಪಿನಂಗಡಿ, ಕಾಸರಗೋಡು ಎಂಬ ಐದೇ ತಾಲೂಕುಗಳು. ಕಾರ್ಕಳ ಆಗ ಉಡುಪಿ ತಾಲೂಕಿನೊಳಗಿತ್ತು, ಬಂಟ್ವಾಳ ಮಂಗಳೂರು ತಾಲೂಕಿನೊಳಗಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಇಂದಿನ ನಕ್ಷೆಯನ್ನು ತಲೆಯಲ್ಲಿಟ್ಟುಕೊಂಡು ಹಳೆಯ ಕಾಗದ ಓದುವವರು ಊರು ಸಿಕ್ಕಿದರೂ ಗುರುತಿಸದೆ ಮುಂದೆ ಹೋಗುವುದು ಹೀಗೆಯೇ.

ಜನನ ಮರಣ ರಿಜಿಸ್ಟರಿನ ವಿಷಯವನ್ನು ಬೇಗ ಮುಗಿಸಬಹುದು. ಇಂದಿನ ನೋಂದಣಿ ಕಾಯ್ದೆ 1969ರದು. ಅದಕ್ಕೆ ಹಿಂದಿನ ಕಾಲದಲ್ಲಿ ಗ್ರಾಮದ ಪಟೇಲರು ಬರೆದಿಟ್ಟದ್ದೇ ದಾಖಲೆ. ಜನನದ ಪುಟಗಳಲ್ಲಿ ಮಗುವಿಗೆ ಹೆಸರಿಲ್ಲದೆ ಬರಿಯ ಹೆಣ್ಣು, ಗಂಡು ಎಂಬ ನಮೂದುಗಳೇ ಹೆಚ್ಚು. ಪಿಜ್ಜಿಯ ಮರಣದ ನಮೂದು 1957ರ ಪುಟದಲ್ಲಿ ನನಗೆ ಸಿಕ್ಕಿತು: ಹೆಸರು, ಹೆಂಗಸು, ವಯಸ್ಸು 70, ಜ್ವರ. ತಾಯಿಯ ಹೆಸರಿಲ್ಲ, ಹುಟ್ಟಿದ ಊರಿಲ್ಲ. ಆ ಪುಟದ ಹನ್ನೊಂದು ಹಿರಿಯರಲ್ಲಿ ಒಂಬತ್ತು ಜನರ ವಯಸ್ಸು ಸೊನ್ನೆಯಲ್ಲೋ ಐದರಲ್ಲೋ ಮುಗಿಯುವುದನ್ನು ಕಂಡ ಮೇಲೆ ಆ 70ರ ಮೇಲಿನ ವಿಶ್ವಾಸವೂ ಹೋಯಿತು.

ಶಾಲೆಯ ದಾಖಲಾತಿ ಪುಸ್ತಕವನ್ನು ನಾನು ಹಗುರವಾಗಿ ಕಂಡಿದ್ದೆ; ಅದು ನನ್ನ ತಪ್ಪು. ಹುಟ್ಟಿದ ದಿನಾಂಕವನ್ನು ಅಂದಾಜಿನಿಂದ ಹಾಕುವುದು ಅಂದಿನ ಮಾಸ್ತರರಿಗೆ ಸಹಜವಾಗಿತ್ತೆಂಬುದು ನಿಜ. ಆದುದರಿಂದ ಆ ಅಂಕಣವನ್ನು ನೋಡದಿದ್ದರೂ ನಡೆಯುತ್ತದೆ. ನೋಡಬೇಕಾದುದು ಪೋಷಕರ ಅಂಕಣ. 1927ರಲ್ಲಿ ಅಜ್ಜಿಯ ಅಣ್ಣನನ್ನು ಒಂದನೆಯ ತರಗತಿಗೆ ಸೇರಿಸಿದಾಗ ಅಲ್ಲಿ ತಂದೆಯ ಹೆಸರು ಬರೆದಿರಲಿಲ್ಲ, ಪಿಜ್ಜಿಯ ಹೆಸರೂ ಇರಲಿಲ್ಲ. ನಾವು ಯಾರೂ ಕೇಳಿರದ ಒಬ್ಬ ಗಂಡಸಿನ ಹೆಸರು, ಅದರ ಮುಂದೆ ಸಣ್ಣ ಅಕ್ಷರದಲ್ಲಿ ‘ಮಾವ’ ಎಂದಿತ್ತು. ಅಳಿಯಸಂತಾನದಲ್ಲಿ ಮಗುವಿನ ಹೊಣೆ ಸೋದರಮಾವನದು. ಹಾಗಾದರೆ ಪಿಜ್ಜಿಗೆ ಒಬ್ಬ ಅಣ್ಣನೋ ತಮ್ಮನೋ ಇದ್ದರು, ಅವರು 1927ರಲ್ಲಿ ಬದುಕಿದ್ದರು, ಮತ್ತು ಈ ಊರಿನವರಾಗಿರಲಿಲ್ಲ. ಜನಗಣತಿಯ ಸಂಪುಟಗಳು ಕೊಡದಿದ್ದುದನ್ನು ಒಂದು ಹಳೆಯ ಬೋರ್ಡ್ ಶಾಲೆಯ ಅರ್ಧ ಅಂಗುಲದ ಅಂಕಣ ಕೊಟ್ಟಿತು.

ಇನ್ನು ನೋಂದಣಿ ಕಚೇರಿ. ಎಲ್ಲ ದಾರಿಗಳಲ್ಲಿ ಹೆಚ್ಚು ದಿನ ತಿಂದದ್ದೂ ಹೆಚ್ಚು ಖಚಿತವಾದುದನ್ನು ಕೊಟ್ಟದ್ದೂ ಇದೇ. ಸ್ಥಿರಾಸ್ತಿಯ ದಸ್ತಾವೇಜುಗಳನ್ನು ನಕಲು ಮಾಡಿಡುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಗಳನ್ನೂ ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಮು ಇದನ್ನು ಹೇಳುತ್ತದೆ. ಆನ್‌ಲೈನಿನಲ್ಲಿ ದೊರೆಯುವ ಋಣಭಾರ ಪತ್ರ 2004ರಿಂದ ಈಚಿನದಾದ್ದರಿಂದ ನಮ್ಮ ಕೆಲಸಕ್ಕೆ ಅದು ಬಾರದು. ಕಚೇರಿಗೇ ಹೋಗಬೇಕು, ಕೂತು ಪುಟ ತಿರುವಬೇಕು. ನಾನು ಹೋದ ಎರಡು ಕಚೇರಿಗಳಲ್ಲಿ ಒಂದರ ಸೂಚಿಯನ್ನು ಗೆದ್ದಲು ತಿಂದಿತ್ತು, ಇನ್ನೊಂದರಲ್ಲಿ ಏಳನೆಯ ಸಲ ಹೋದಾಗ ಬೇಕಾದ ಸಂಪುಟ ಕಪಾಟಿನಿಂದ ಇಳಿಯಿತು.

ಒಂದನೆಯ ಸೂಚಿ ಹೆಸರುಗಳದು, ಎರಡನೆಯದು ಆಸ್ತಿಗಳದು. ಪಿಜ್ಜಿಯ ಹೆಸರನ್ನು ಹಿಡಿದು ಒಂದನೆಯ ಸೂಚಿಯಲ್ಲಿ ನಾನು ನಾಲ್ಕು ದಿನ ಕಳೆದುಕೊಂಡೆ, ಏಕೆಂದರೆ ತುಳುವಿನಲ್ಲಿ ಕರೆಯುವ ಹೆಸರನ್ನು ಕನ್ನಡದಲ್ಲಿ ಬರೆಯುವ ಗುಮಾಸ್ತರು ತಮ್ಮ ಮನಸ್ಸಿಗೆ ಬಂದಂತೆ ಒಮ್ಮೆ ‘ಅಮ್ಮ’ ಸೇರಿಸುತ್ತಿದ್ದರು, ಒಮ್ಮೆ ‘ಅಕ್ಕ’ ಸೇರಿಸುತ್ತಿದ್ದರು, ಒಮ್ಮೆ ಬಾಲವನ್ನೇ ಕತ್ತರಿಸುತ್ತಿದ್ದರು. ಕಡೆಗೆ ಅಲ್ಲಿ ಕೂತಿದ್ದ ಹಳೆಯ ದಸ್ತಾವೇಜು ಬರಹಗಾರರೊಬ್ಬರು, “ಒಕ್ಕಲಿನ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ ಮಾರಾಯರೇ, ಧನಿಗಳ ಹೆಸರಿನಲ್ಲಿ ಹುಡುಕಿ” ಎಂದರು. ಧನಿಗಳ, ಅಂದರೆ ಭೂಮಾಲೀಕರ, ಮನೆತನ ಒಂದೇ, ಅವರ ಹೆಸರನ್ನು ಯಾವ ಗುಮಾಸ್ತನೂ ತಪ್ಪಾಗಿ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ. ಗೇಣಿಯ ಚೀಟನ್ನು, ಅಂದರೆ ಕರಾರುಪತ್ರವನ್ನು, ಒಕ್ಕಲು ಬರೆದುಕೊಟ್ಟರೂ ಬರೆಸಿಕೊಂಡವರ ಹೆಸರು ಸೂಚಿಯಲ್ಲಿರಲೇಬೇಕು. ಮರುದಿನ ಊಟದ ಹೊತ್ತಿಗೆ ಮೊದಲೇ ಸಿಕ್ಕಿತು.

1924ರ ಏಪ್ರಿಲಿನಲ್ಲಿ ನೋಂದಣಿಯಾದ ಚಾಲಗೇಣಿ ಚೀಟು. ವರ್ಷಂಪ್ರತಿ ಒಂಬತ್ತು ಮುಡಿ ಅಕ್ಕಿ, ಒಂದು ಬಾಳೆಗೊನೆ, ಎರಡು ಕುಂಬಳಕಾಯಿ. ಬರೆದುಕೊಟ್ಟವರ ವಿವರದಲ್ಲಿ, ಇಂಥವಳ ಮಗಳು, ಅಳಿಯಸಂತಾನ, ವಯಸ್ಸು ಸುಮಾರು 30, ಸಾಗುವಳಿ ಕಸುಬು, ‘ಮಂಗಳೂರು ತಾಲೂಕು’ ಎಂದು ಆರಂಭಿಸಿ ಒಂದು ಗ್ರಾಮದ ಹೆಸರು, ಮನೆಯ ಹೆಸರು, ‘ಹಾಲಿ ವಸತಿ’ ಎಂದು ನಮ್ಮ ಊರಿನ ಹೆಸರು. ಅಳಿಯಸಂತಾನದವರನ್ನು ತಾಯಿಯ ಹೆಸರಿನಿಂದ ಗುರುತಿಸುವ ನಮ್ಮ ಜಿಲ್ಲೆಯ ದಸ್ತಾವೇಜುಗಳ ರೂಢಿಗೆ ನಾನು ಎಷ್ಟು ಋಣಿಯಾಗಿದ್ದರೂ ಕಡಿಮೆಯೇ. ಸಹಿಯ ಜಾಗದಲ್ಲಿ ‘ಎಡಗೈ ಹೆಬ್ಬೆಟ್ಟಿನ ಗುರುತು’ ಎಂಬ ಅಕ್ಷರಗಳಷ್ಟೇ ಇದ್ದವು, ಏಕೆಂದರೆ ಪುಸ್ತಕದಲ್ಲಿರುವುದು ನಕಲು. ಗುರುತು ಬಿದ್ದ ಮೂಲ ಚೀಟು ಧನಿಗಳ ಮನೆಗೆ ಹೋಗುತ್ತದೆ. ವಿಚಾರಿಸಿದಾಗ ಆ ಮನೆಯವರು, ಭೂಮಿ ಹೋದ ಮೇಲೆ ಆ ಕಾಗದಗಳನ್ನು ಇಟ್ಟುಕೊಂಡು ಮಾಡುವುದೇನೆಂದು ಬಚ್ಚಲ ಒಲೆಗೆ ಹಾಕಿದೆವೆಂದು ಬೇಸರವಿಲ್ಲದೆ ಹೇಳಿದರು.

ಆ ಗ್ರಾಮ ಇಂದು ಬಂಟ್ವಾಳ ತಾಲೂಕಿನಲ್ಲಿದೆ, ನೇತ್ರಾವತಿಯ ದಡದಲ್ಲಿ. ನಾವು ‘ಬೊಳ್ಳ’ ಎಂದಾಗಲೆಲ್ಲ ನಮ್ಮ ಊರಿನ ಬದಿಯ ಸ್ವರ್ಣಾ ನದಿಯನ್ನು ನೆನೆಯುತ್ತಿದ್ದೆವು, ಕಾರ್ಕಳದ ಕಡೆಯ ಊರುಗಳಲ್ಲಿ ಹುಡುಕುತ್ತಿದ್ದೆವು. ಪಿಜ್ಜಿ ಹೇಳಿದ್ದು 1923ರ ಮಳೆಗಾಲದಲ್ಲಿ ನೇತ್ರಾವತಿಗೆ ಬಂದ ದೊಡ್ಡ ನೆರೆಯನ್ನು. ಮಂಗಳೂರು ತಾಲೂಕು ಎಂಬುದನ್ನು ಕಂಡು ನಾನು ಮಂಗಳೂರಿನ ಸುತ್ತಮುತ್ತ ಅಲೆಯದಿದ್ದುದಕ್ಕೆ ಕಾರಣ ಜನಗಣತಿಯ ಆ ಐದು ತಾಲೂಕುಗಳ ಪಟ್ಟಿ.

ಚೀಟಿನ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ದಾಖಲೆ ಭೂ ನ್ಯಾಯಮಂಡಳಿಯ ಕಡತ. ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾದ ಮೇಲೆ ಗೇಣಿದಾರರು ತಾವು ಸಾಗುವಳಿ ಮಾಡುತ್ತಿದ್ದ ಭೂಮಿಯ ಹಕ್ಕಿಗಾಗಿ ಏಳನೆಯ ನಮೂನೆಯಲ್ಲಿ ಅರ್ಜಿ, ಜನರ ಮಾತಿನಲ್ಲಿ ಡಿಕ್ಲರೇಶನ್, ಕೊಡಬೇಕಾಯಿತು. ಕೊನೆಯ ಗಡುವು 1979ರ ಜೂನ್ 30ರವರೆಗೆ ಬೆಳೆಯಿತು. ವಿವಾದವಿಲ್ಲದ ಕಡತದಲ್ಲಿ ಅರ್ಜಿ, ನೋಟೀಸು, ಆದೇಶ ಬಿಟ್ಟರೆ ಓದುವಂಥದ್ದು ಬಹಳವಿಲ್ಲ. ನಮ್ಮ ಕುಟುಂಬದವರು ಜಗಳವಾಡಿದ್ದರು. ಅಜ್ಜಿಯ ಅಣ್ಣ ತನ್ನೊಬ್ಬನ ಹೆಸರಿನಲ್ಲಿ ಡಿಕ್ಲರೇಶನ್ ಹಾಕಿದ್ದಕ್ಕೆ ಇಲ್ಲೇ ಹುಟ್ಟಿದ ಕಿರಿಯ ತಂಗಿಯ ಮಕ್ಕಳು, ಗೇಣಿ ಕುಟುಂಬದ್ದು, ಅವರೊಬ್ಬರದಲ್ಲ ಎಂದು ಆಕ್ಷೇಪಿಸಿದ್ದರು. ಆ ಕಾಲದಲ್ಲಿ ಎರಡು ಕವರುಗಳ (ಕುಟುಂಬದ ಕವಲುಗಳ) ನಡುವೆ ಮಾತು ನಿಲ್ಲಿಸಿದ ಆ ಜಗಳದಿಂದಾಗಿಯೇ 38 ಪುಟಗಳ ಕಡತವೊಂದು ತಾಲೂಕು ಕಚೇರಿಯಲ್ಲಿ ಉಳಿಯಿತು. ಮಾಹಿತಿ ಹಕ್ಕಿನಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿಯಂತೆ ನನಗೆ ತಗಲಿದ್ದು 86 ರೂಪಾಯಿ. ಅದರಲ್ಲಿ ಆಕ್ಷೇಪಣೆದಾರರು ಹಾಜರುಪಡಿಸಿದ ವಂಶವೃಕ್ಷವಿದೆ. ಅದರಲ್ಲಿ ಪಿಜ್ಜಿಯ ತಾಯಿ, ಪಿಜ್ಜಿಯ ಒಬ್ಬ ಅಕ್ಕ, ಶಾಲೆಯ ಪುಸ್ತಕದಲ್ಲಿ ಕಂಡ ಅದೇ ಮಾವ, ಎಲ್ಲರೂ ಸಾಲಾಗಿ ನಿಂತಿದ್ದಾರೆ. ಜನರನ್ನು ಎಣಿಸಲೆಂದು ಸರ್ಕಾರ ಮಾಡಿದ ಕಾಗದಗಳಿಗಿಂತ, ಭೂಮಿಗಾಗಿ ಜನರೇ ಬರೆಸಿದ ಕಾಗದಗಳಲ್ಲಿ ನಮ್ಮ ಹೆಂಗಸರು ಹೆಚ್ಚು ಸ್ಪಷ್ಟವಾಗಿ ಕಾಣುತ್ತಾರೆಂಬುದು ನನ್ನ ಅನುಭವ.

ಆದರೆ ನಂಬಿಕೆಯ ಮಟ್ಟಿಗೆ ಚೀಟು ಮೇಲು, ಕಡತ ಕೆಳಗೆ. ಅಜ್ಜಿಯ ಅಣ್ಣ ಪ್ರಮಾಣ ಮಾಡಿ ಕೊಟ್ಟ 1978ರ ಹೇಳಿಕೆಯಲ್ಲಿ ‘ಸುಮಾರು ನೂರು ವರ್ಷಗಳಿಂದ ನಮ್ಮ ಗೇಣಿ’ ಎಂದಿದೆ. ಚೀಟಿನ ಪ್ರಕಾರ ಆಗ ಆಗಿದ್ದುದು 54 ವರ್ಷ. ಗೆಲ್ಲಲೆಂದು ಆಡಿದ ಮಾತಿಗೂ, ಒಂಬತ್ತು ಮುಡಿಗೆ ಒಪ್ಪಿ ಹೆಬ್ಬೆಟ್ಟು ಒತ್ತಿದ ಮಾತಿಗೂ ವ್ಯತ್ಯಾಸವಿದೆ.

ಮಂಗಳೂರಿನ ನನ್ನ ಕ್ರೈಸ್ತ ಮಿತ್ರರೊಬ್ಬರಿಗೆ ಈ ಪಾಡೆಲ್ಲ ಇರಲಿಲ್ಲ. ಅವರ ಜೊತೆ ಒಂದು ಮಧ್ಯಾಹ್ನ ಇಗರ್ಜಿಯ ಜ್ಞಾನಸ್ನಾನದ ಪುಸ್ತಕಗಳ ಮುಂದೆ ಕೂತಾಗ, ತಂದೆ ತಾಯಿ ಇಬ್ಬರ ಹೆಸರೂ ಇರುವ ಲ್ಯಾಟಿನ್ ನಮೂದುಗಳಲ್ಲಿ ಐದು ತಲೆಮಾರು ಹಿಂದಕ್ಕೆ ಹೋದೆವು. ವೇಗದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಅವರ ದಾರಿಗೂ ಒಂದು ಗೋಡೆಯಿದೆ: 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳೂ ನೆಲಸಮವಾದುದರಿಂದ, 1799ರ ಬಳಿಕ ಮರಳಿ ಬಂದವರಿಂದಲೇ ಹೆಚ್ಚಿನ ಕುಟುಂಬಗಳ ಬರಹದ ಲೆಕ್ಕ ಆರಂಭವಾಗುತ್ತದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದದ್ದರಿಂದ ಆ ಸಭೆಯವರು ಬಲ್ಮಠದ ದೇವಶಾಸ್ತ್ರ ಕಾಲೇಜಿನ ಪತ್ರಾಗಾರವನ್ನು ಮೊದಲು ನೋಡುವುದು ಲೇಸು.

ಜ್ಯೋತಿಷಿಗಳನ್ನು ಕೂರಿಸಿ ಕೇಳುವ ಅಷ್ಟಮಂಗಲ ಪ್ರಶ್ನೆಯನ್ನು ಈ ಹೋಲಿಕೆಯಿಂದ ಬಿಡುವುದು ಅಪ್ರಾಮಾಣಿಕವಾಗುತ್ತದೆ, ಏಕೆಂದರೆ ನಮ್ಮ ಕಡೆ ಮೂಲ ಹುಡುಕುವ ಹೆಚ್ಚಿನವರು ಮೊದಲು ಹೋಗುವುದು ಅಲ್ಲಿಗೇ, ಮತ್ತು ನನ್ನ ಸೋದರಮಾವನೂ ಅದನ್ನೇ ಮಾಡಿದರು. ಬಂದ ಉತ್ತರ ‘ಆಗ್ನೇಯ ದಿಕ್ಕು, ನೀರಿನ ಬದಿ’ ಎಂದು. ಈ ಕರಾವಳಿಯಲ್ಲಿ ನೀರಿನ ಬದಿಯಲ್ಲಿಲ್ಲದ ಮನೆ ಯಾವುದೆಂದು ನಾನು ಆಗ ಮನಸ್ಸಿನಲ್ಲೇ ನಕ್ಕಿದ್ದೆ. ಖರ್ಚು ಉಳಿದೆಲ್ಲ ದಾರಿಗಳ ಒಟ್ಟು ಖರ್ಚಿಗಿಂತ ಹೆಚ್ಚು. ಆದರೆ ಆ ದಿನ ಎರಡೂ ಕವರುಗಳ ಜನ ಮೊದಲ ಬಾರಿಗೆ ಒಂದೇ ಚಪ್ಪರದಡಿ ಕೂತರು, ಮತ್ತು ಮುಂಬಯಿಯಿಂದ ಬಂದ ದೊಡ್ಡಮ್ಮ, ಧರ್ಮಸ್ಥಳಕ್ಕೆ ಹೋದಾಗ ಪಿಜ್ಜಿ ನೇತ್ರಾವತಿಯಲ್ಲಿ ಮುಳುಗು ಹಾಕಲು ಒಪ್ಪದೆ ದಡದಲ್ಲೇ ಬೆನ್ನು ಹಾಕಿ ಕೂತಿದ್ದರೆಂದು ಹೇಳಿದರು. ಅದನ್ನು ನಾನು ಆಗ ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಕಾರ್ಕಳದ ಕಡೆಯ ಎಂಟು ತಿಂಗಳು ಉಳಿಯುತ್ತಿತ್ತು.

ಸ್ವಂತ ವರ್ಗದ, ಅಂದರೆ ಒಡೆತನದ, ಭೂಮಿಯಿದ್ದ ಮನೆತನದವರಾದರೆ ನೋಂದಣಿ ಕಚೇರಿಯಿಂದಲೇ ಆರಂಭಿಸಬಹುದು. ನಮ್ಮಂತಹ ಚಾಲಗೇಣಿಯವರು ಡಿಕ್ಲರೇಶನ್ ಕಡತದಿಂದ ಹೊರಟು, ಅದರಲ್ಲಿ ಧನಿಗಳ ಹೆಸರನ್ನೂ ಸರ್ವೆ ನಂಬ್ರವನ್ನೂ ಹಿಡಿದು ಸೂಚಿಗೆ ಹೋದರೆ ನಾನು ಅಲೆದದ್ದರ ಅರ್ಧವೂ ಅಲೆಯಬೇಕಾಗಿಲ್ಲ.

ಒಂದು ತೊಡಕು ಇನ್ನೂ ಉಳಿದಿದೆ. ಪಿಜ್ಜಿಯ ತಾಯಿಗೆ ಚೀಟಿನಲ್ಲಿ ಒಂದು ಹೆಸರು, ವಂಶವೃಕ್ಷದಲ್ಲಿ ಬೇರೊಂದು. ಒಂದು ಮನೆಯಲ್ಲಿ ಕರೆಯುತ್ತಿದ್ದ ಹೆಸರಿರಬಹುದು; ಇಲ್ಲವೇ ವಂಶವೃಕ್ಷ ಬರೆಸಿದವರು ಪಿಜ್ಜಿಯ ತಾಯಿಯನ್ನೂ ಅವರ ಅಕ್ಕನನ್ನೂ ಅದಲುಬದಲು ಮಾಡಿರಬಹುದು. ಮೂಲಮನೆಯ ಧನಿಗಳು ಯಾರೆಂಬುದು ಈಗ ತಿಳಿದಿರುವುದರಿಂದ, ಅವರ ಹೆಸರಿನಲ್ಲಿ 1890ರಿಂದ 1923ರವರೆಗಿನ ಸೂಚಿಗಳನ್ನು ನೋಡಲು ಶುಲ್ಕ ಕಟ್ಟಿ ಬಂದಿದ್ದೇನೆ. ಸಂಪುಟಗಳು ಮೇಲಿನ ಅಟ್ಟದಲ್ಲಿವೆಯಂತೆ, ಮಳೆ ಬಿಟ್ಟ ಮೇಲೆ ಬರಲು ಹೇಳಿದ್ದಾರೆ.