ಕುಕನೂರಿನ ಒಗ್ಗರಣೆ-ಮಿರ್ಚಿ ಅಂಗಡಿ: ಬೆಳಗ್ಗೆ 7ಕ್ಕೇ ಹೋಗಿ

ಕುಕನೂರಿಗೆ ನವಲಿಂಗ ಗುಡಿ ನೋಡಲು ಬಂದವರು ಸುಮಾರು ಜನ ತಿನ್ನೋಕೆ ಕೊಪ್ಪಳಕ್ಕೆ ಓಡುತ್ತಾರೆ. ಹಾಗೆ ಮಾಡಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ತಗಡಿನ ಚಪ್ಪರದ ಒಂದು ಅಂಗಡಿ ಇದೆ, ಬೋರ್ಡಿಲ್ಲ. ನಾನು 12 ವರ್ಷದಿಂದ ಅಲ್ಲೇ ತಿನ್ನುತ್ತಿದ್ದೇನೆ.

ನಮ್ಮ ಕಡೆ ಒಗ್ಗರಣೆ ಅಂದ್ರೆ ಮಂಡಕ್ಕಿಯದ್ದೇ ಅಲ್ವಾ? ಅಂಗಡಿಯ ಅಕ್ಕ ಮಂಡಕ್ಕಿಯನ್ನು ನೀರಿಗೆ ಹಾಕಿ, ಕೂಡಲೇ ಎತ್ತಿ, ಎರಡೂ ಅಂಗೈಯಲ್ಲಿ ಹಿಂಡುತ್ತಾರೆ. ಸ್ವಲ್ಪ ತಡವಾದರೂ ಮುದ್ದೆ ಆಗುತ್ತೆ. ಇವರ ಕೈಲಿ ಒಂದು ದಿನವೂ ಹಾಗಾಗಿಲ್ಲ. ಉಳ್ಳಾಗಡ್ಡಿ ಕೆಂಪಾಗುವ ಮೊದಲೇ ಅರಿಶಿನ, ಆಮೇಲೆ ಮಂಡಕ್ಕಿ, ಕೊನೆಗೆ ಪುಟಾಣಿ ಪುಡಿ. ಮಿರ್ಚಿಯ ಒಳಗೆ ಜೀರಿಗೆ, ಉಪ್ಪು ಸವರಿರುತ್ತಾರೆ. ಬಾಣಲೆಯಿಂದ ನೇರ ಪೇಪರಿಗೆ. ಚಹಾಕ್ಕೆ ಮಾತ್ರ ಸಕ್ಕರೆ ಜಾಸ್ತಿ, ಮೊದಲೇ ಹೇಳಿಬಿಡಿ.

ಜನವರಿ ಬಂದರೆ ಆ ಬೆಂಚುಗಳ ಮೇಲೆ ಒಂದೇ ಮಾತು: ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಯಾರ ಮನೆಯಿಂದ ಎಷ್ಟು ರೊಟ್ಟಿ. ಹೋದ ಸಲ ನಮ್ಮ ಓಣಿಯ ರೊಟ್ಟಿ ಚೀಲಗಳನ್ನು ಟ್ರ್ಯಾಕ್ಟರ್ ಬರುವವರೆಗೂ ಇದೇ ಅಂಗಡಿಯಲ್ಲಿ ಇಟ್ಟಿದ್ದೆವು. ಅಕ್ಕ ಬೆಂಚುಗಳನ್ನು ಒಂದರ ಮೇಲೊಂದು ಪೇರಿಸಿ ಜಾಗ ಮಾಡಿಕೊಟ್ಟರು. ಗಿರಾಕಿಗಳು ನಿಂತೇ ತಿಂದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಸಂತೆ ದಿನ 9 ಗಂಟೆಗೆಲ್ಲ ಮಿರ್ಚಿ ಖಾಲಿ. ಅರ್ಧ ಗಂಟೆ ಕಾದು ಬರೀ ಒಗ್ಗರಣೆ ತಿಂದ ದಿನವೂ ಇದೆ. ಆದರೂ ಧಾರವಾಡದಲ್ಲಿ ಓದುವ ನನ್ನ ಮಗಳು ಊರಿಗೆ ಬಂದರೆ, ಬಸ್ಸಿಳಿದು ಬ್ಯಾಗ್ ಸಮೇತ ಮೊದಲು ಇಲ್ಲಿಗೇ ಹೋಗುತ್ತಾಳೆ. ಮನೆಗೆ ಆಮೇಲೆ.