ಮುಂಬೈ ಮಾಟುಂಗಾದ ಸೆಕೆಯಲ್ಲಿ ಬ್ರೆಡ್ ಮಷೀನು: ಮೂರು ಹಿಟ್ಟು, ಎರಡು ನೀರು

ಮಷೀನು ಬಂದ ಮೊದಲ ವಾರ ತೆಗೆದ ಬ್ರೆಡ್ಡುಗಳಿಗೆಲ್ಲ ನಡುವೆ ಗುಂಡಿ. 'ಇದೇನು, ಒರಳಿನ ಬಾಯಿ ಇದ್ದಂಗಿದೆ' ಅಂದರು ಅತ್ತೆ. ಈಸ್ಟ್ ಹಳತು ಅಂತ ಹೊಸ ಪ್ಯಾಕೆಟ್ ತಂದೆ. ಗುಂಡಿ ಇನ್ನೂ ಆಳವಾಯಿತು!

ತಪ್ಪು ನೀರಿನದ್ದು. ಮಷೀನಿನ ಜೊತೆ ಬಂದ ಪುಸ್ತಕ 'ಉಗುರುಬೆಚ್ಚಗಿನ ನೀರು' ಅನ್ನುತ್ತದೆ, ಯಾವ ಚಳಿಯೂರಿನವರು ಬರೆದದ್ದೋ. ಮೇ ತಿಂಗಳಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸ್ ಟಾಂಕಿಯ ನೀರಿಗೆ ಗೀಸರೇ ಬೇಡ. ಅದರ ಮೇಲೆ ನಾದುವ ತಿಕ್ಕಾಟಕ್ಕೂ ಹಿಟ್ಟು ಕಾಯುತ್ತದೆ. ನಲ್ಲಿ ನೀರಿನಲ್ಲಿ ನಾದಿದ ಹಿಟ್ಟಿಗೆ ಥರ್ಮಾಮೀಟರ್ ಚುಚ್ಚಿದರೆ 34 ಡಿಗ್ರಿ, ಫ್ರಿಜ್ ನೀರಿನದ್ದಕ್ಕೆ 27. ಮೊದಲನೆಯದು ಬೇಯುವ ಹೊತ್ತಿಗೆ ಮುಂಚೆಯೇ ಉಬ್ಬಿ, ಸುಸ್ತಾಗಿ ಕುಸಿಯುತ್ತಿತ್ತು. ಮಷೀನು ಗಡಿಯಾರ ನೋಡುತ್ತದೆ, ಹಿಟ್ಟನ್ನಲ್ಲ. ತಣ್ಣೀರು ಹಾಕಿ, ಈಸ್ಟನ್ನು 4 ಗ್ರಾಮಿನಿಂದ 3ಕ್ಕೆ ಇಳಿಸಿದ ದಿನವೇ ಬ್ರೆಡ್ಡಿನ ತಲೆ ಗುಂಡಗಾಯಿತು. ಹಿಟ್ಟು ಬದಲಿಸಿ ಪಡೆದದ್ದಕ್ಕಿಂತ ಹೆಚ್ಚು ಲಾಭ ಇದೊಂದರಲ್ಲೇ.

ಆಮೇಲೆ ಹಿಟ್ಟುಗಳ ಸರದಿ. ಪ್ರತಿ ಸಲ 400 ಗ್ರಾಂ ಹಿಟ್ಟು, 7 ಗ್ರಾಂ ಉಪ್ಪು, ಎರಡು ಚಮಚ ಸಕ್ಕರೆ, ಒಂದು ಚಮಚ ಎಣ್ಣೆ.

ಬರೀ ಮೈದಾಕ್ಕೆ 250 ಎಂಎಲ್ ನೀರು ಸಾಕು. ಎತ್ತರ, ಬಿಳುಪು, ಹತ್ತಿಯಂಥ ಒಳಭಾಗ. ಮಕ್ಕಳು ಮೆಚ್ಚಿದರು, ನನಗೆ ರುಚಿಯೇ ಸಿಗಲಿಲ್ಲ. ಮರುದಿನ ಟೋಸ್ಟಿಗೇ ಲಾಯಕ್ಕು.

ಗಿರಣಿಯಲ್ಲಿ ಬೀಸಿಸಿದ ಲೋಕವನ್ ಗೋಧಿಯದ್ದು ಬೇರೆಯೇ ಕಥೆ. ಕಲ್ಲಿನಲ್ಲಿ ಬೀಸಿದ ಹಿಟ್ಟಿನ ಪಿಷ್ಟ ಪೆಟ್ಟು ತಿಂದಿರುತ್ತದೆ, ನೀರು ಹೆಚ್ಚು ಕುಡಿಯುತ್ತದೆ. ಚಪಾತಿ ಮೆತ್ತಗಿರುವುದೂ ಅದಕ್ಕೇ. ಆದರೆ ಹೊಟ್ಟಿನ ಚೂರುಗಳು ಹಿಟ್ಟನ್ನು ಹಿಡಿದಿಡುವ ಅಂಟಿನ (ಗ್ಲುಟನ್) ಎಳೆಯನ್ನು ಕತ್ತರಿಸುವುದರಿಂದ ಬ್ರೆಡ್ ಮೇಲೇಳದು. 300 ಎಂಎಲ್ ನೀರು ಹಾಕಿ, ಈಸ್ಟೂ ಉಪ್ಪೂ ಸೇರಿಸುವ ಮೊದಲು ಅರ್ಧ ಗಂಟೆ ಹಾಗೇ ನೆನೆಯಲು ಬಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಎತ್ತರದಲ್ಲಿ ಮೈದಾದ ಅರ್ಧ, ಆದರೆ ತುಪ್ಪ, ಚಟ್ನಿಪುಡಿ ಹಚ್ಚಿ ತಿಂದರೆ ಮೈದಾ ನೆನಪಿಗೂ ಬರುವುದಿಲ್ಲ.

ಬೆಳಗಾವಿಯಿಂದ ಬಂದ ಜವೆ ಗೋಧಿಯನ್ನೂ ಬಿಡಲಿಲ್ಲ. ಇಟ್ಟಿಗೆ. ಅದರ ಅಂಟಿಗೆ ಬ್ರೆಡ್ ಎತ್ತಿ ಹಿಡಿಯುವ ಕಸುವಿಲ್ಲ. ಹುಗ್ಗಿಗೆ ಬಿಡಿ ಅದನ್ನು.

ಕೊನೆಗೆ ಉಳಿದದ್ದು ಕೂಡಾವಳಿ: 250 ಗ್ರಾಂ ಮೈದಾ, 150 ಗ್ರಾಂ ಲೋಕವನ್, 275 ಎಂಎಲ್ ಫ್ರಿಜ್ ನೀರು. ನಾದಲು ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ಮುಟ್ಟಿ ನೋಡಬೇಕು: ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ. ಮಳೆಗಾಲದಲ್ಲಿ ಹಿಟ್ಟೇ ತೇವ ಹೀರಿರುತ್ತದೆ, ಒಂದೆರಡು ಚಮಚ ನೀರು ಕಡಿಮೆ ಮಾಡಿ.

ಮಷೀನಿನಲ್ಲೇ ಬೇಯಿಸಬೇಕೋ, ನಾದಿಸಿಕೊಂಡು ಓಟಿಜಿಯಲ್ಲೋ (ಕರೆಂಟಿನ ಪುಟ್ಟ ಒವನ್)? 200 ಡಿಗ್ರಿಯಲ್ಲಿ 35 ನಿಮಿಷ ಬೆಂದ ಓಟಿಜಿ ಬ್ರೆಡ್ಡಿನ ಸಿಪ್ಪೆಯ ಮುಂದೆ ಮಷೀನಿನದ್ದು ಏನೂ ಅಲ್ಲ, ಒಪ್ಪುತ್ತೇನೆ. ಆದರೆ ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ. ಮೇ ತಿಂಗಳಲ್ಲಿ ಅಲ್ಲಿ ಓಟಿಜಿ ಹಚ್ಚುವ ಧೈರ್ಯ ನನಗಿಲ್ಲ. ಡಿಸೆಂಬರಿನಲ್ಲಿ ಓಟಿಜಿ, ಉಳಿದಂತೆ ಮಷೀನು. ಕೊನೆಯ ನಾದುವಿಕೆ ಮುಗಿದ ಕೂಡಲೇ ಎಣ್ಣೆ ಕೈಯಲ್ಲಿ ಮಷೀನಿನ ನಾದುವ ಅಲಗು ಕಿತ್ತಿಟ್ಟರೆ ಅಡಿಯಲ್ಲಿ ಸಣ್ಣ ತೂತು ಮಾತ್ರ ಉಳಿಯುತ್ತದೆ.

ಭಾನುವಾರದ ಮಿಸಳ್‌ಗೆ ಮಾತ್ರ ಈಗಲೂ ಕೆಳಗಿನ ಬೇಕರಿಯ ಲಾದಿ ಪಾವೇ ಬರುತ್ತದೆ. ತರುವವರು ಅತ್ತೆ, ನನ್ನನ್ನು ಕೇಳದೇ.